ಹುಳಿನೀರಿಗೆ ಬಿದ್ದ ಹವಳ

ಆ ಬೆಳಿಗ್ಗೆಯೂ ಹಿತ್ತಲಲ್ಲಿ ಕುಳಿತು ಹುಣಸೆಹಣ್ಣಿನಿಂದ ತಾಮ್ರದ ಕೊಡ ತಿಕ್ಕುತ್ತಿದ್ದೆ. ಆ ಹುಳಿ ವಾಸನೆ ಬಂದರೆ ಇಂದಿಗೂ ನನ್ನ ಕೈ ತಡೆಯುತ್ತದೆ.

ಕಾಕಾನ ಹೊಸ ಹೆಂಡತಿ ಚಿಗವ್ವ ತನ್ನ ಹವಳದ ಸರವನ್ನು ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದಳು. ಅದೂ ತಾಮ್ರದ ಕೊಡದಂತೆ ಹೊಳೆಯಲೆಂದು ಹುಳಿನೀರಿನಲ್ಲಿ ಅದ್ದಿಟ್ಟೆ. ತೆಗೆದಾಗ ಹವಳ ಬಿಳಚಿಕೊಂಡಿತ್ತು. ಹೆದರಿ, ಇದ್ದಲ್ಲೇ ಇಟ್ಟುಬಿಟ್ಟೆ.

ಮಧ್ಯಾಹ್ನ ಅದೇ ಸರ ಹಾಕಿಕೊಂಡು ಊಟ ಬಡಿಸುತ್ತಿದ್ದ ಚಿಗವ್ವನ ಕೊರಳನ್ನು ಅಜ್ಜಿ ನೋಡಿದಳು.

"ಹವಳ ಬಿಳಚಿದ್ರ ಮೈಯಾಗ ರೋಗ ಐತಿ ಅಂತನ ಅರ್ಥ. ತವರಿಗೆ ಹೋಗು. ಅದು ಕೆಂಪಾದ ಮ್ಯಾಲ ಬಾ."

"ನಾ ಅರಾಮ ಅದೀನ್ರಿ, ಅತ್ತಿ," ಎನ್ನುತ್ತಲೇ ಚಿಗವ್ವ ತನ್ನ ತವರೂರು ಅಕ್ಕಿಆಲೂರಿನ ಬಸ್ಸು ಹತ್ತಿದಳು. ನಾನು ಹಿತ್ತಲಿಗೆ ಹೋಗಿ ಹುಳಿನೀರು ಚೆಲ್ಲಿಬಿಟ್ಟೆ.

ಸಂಜೆ ಪಕ್ಕದ ಮನೆಯ ಗಂಗಕ್ಕ ಅಕ್ಕಿ ಹಸನು ಮಾಡುತ್ತ ಅಜ್ಜಿಗೆ ಅಂದಳು: "ಹುಡುಗಿ ಮಾರಿ ಮ್ಯಾಲ ಏನೂ ಕಾಣ್ತಿರ್ಲಿಲ್ಲ ಬಿಡ್ರಿ. ಹವಳ ಇತ್ತಂತ ರೋಗ ಗೊತ್ತಾತು."