ಅರ್ಧ ಬಳಿದ ಗೋಡೆ

ಬೆಳಿಗ್ಗೆ ಏಳಕ್ಕೆ ಫೋನು ಬಂದಾಗ ದುರಗಮ್ಮ ಅಂಗೈಯಲ್ಲಿ ಬಿಳಿ ಕ್ರೀಮು ಹಿಂಡಿಕೊಂಡು ಕನ್ನಡಿಯ ಮುಂದೆ ಕುಳಿತಿದ್ದಳು. ಒಂದು ಕೆನ್ನೆಗೆ ಹಚ್ಚಿ ಆಗಿತ್ತು. ಆ ಹೊತ್ತಿಗೆ ಫೋನು ಮಾಡುವವನು ಅಣ್ಣ ಅಯ್ಯಣ್ಣನೊಬ್ಬನೇ. ಮುಖಕ್ಕೆ ಕ್ರೀಮು ಹಚ್ಚಿದಳೋ ಇಲ್ಲವೋ ಎಂದು ತಮಾಷೆಗೆ ಕೇಳುವುದೂ ಒಂದೇ ಮಾತು: ಗೋಡೆಗೆ ಸುಣ್ಣ ಬಳಿದಾಯಿತೇ? ಅದಕ್ಕೇ ಅವಳು ಕಿರುಬೆರಳಿನಿಂದ ಫೋನು ಒತ್ತಿ, ಆ ಕಡೆಯವರು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು.

"ಬಳಿಯಾಕತ್ತೇನಿ ಅಣ್ಣಾ. ಅರ್ಧಾ ಗ್ವಾಡಿ ಆಗ್ಯಾದ, ಇನ್ನರ್ಧಾ ಉಳದಾದ."

ಅಣ್ಣನ ನಗು ಕೇಳಲಿಲ್ಲ. ಅವನ ಫೋನಿನಿಂದ ಅತ್ತಿಗೆ ಮೌನಮ್ಮ, "ನಿಮ್ಮಣ್ಣ ಹೋದ್ರವ್ವ" ಎಂದಳು. ನಸುಕಿನಲ್ಲಿ ಎದೆ ಹಿಡಿದುಕೊಂಡಿತ್ತಂತೆ. ದವಾಖಾನೆ ಮುಟ್ಟುವುದರೊಳಗೆ ಉಸಿರು ನಿಂತಿತ್ತಂತೆ. ದುರಗಮ್ಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅಂಗೈಯ ಕ್ರೀಮೆಲ್ಲ ಹಣೆಗೂ ಗದ್ದಕ್ಕೂ ಮೆತ್ತಿಕೊಂಡದ್ದು ಅವಳಿಗೆ ತಿಳಿಯಲಿಲ್ಲ. ಹಾಗೆಯೇ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಶಿರವಾಳದಿಂದ ಶಹಾಪುರಕ್ಕೆ ಬಂದು ಯಾದಗಿರಿಯ ಬಸ್ಸು ಹತ್ತಿದಳು.

ವರ್ಷಗಟ್ಟಲೆ ಹತ್ತಿ ಬಿಡಿಸುವ ಕೂಲಿಗೆ ಹೋಗಿ ಅವಳ ಕೆನ್ನೆಗಳಿಗೆ ಬಂಗು ಬಂದಿತ್ತು. ಕಳೆದ ಪಂಚಮಿಗೆ ತವರಿಗೆ ಬಂದಾಗ ಅಯ್ಯಣ್ಣ ಅದನ್ನು ನೋಡಿ, ಬೇಡ ಬೇಡವೆಂದರೂ ಕೇಳದೆ ಯಾದಗಿರಿಯ ಚರ್ಮದ ಡಾಕ್ಟರ ಬಳಿಗೆ ಕರೆದೊಯ್ದಿದ್ದ. ಈ ಕ್ರೀಮು ಬೆಳ್ಳಗೆ ಮಾಡುವ ಔಷಧಿಯಲ್ಲ, ಬಿಸಿಲಿಗೆ ಬಂಗು ಇನ್ನೂ ಕಪ್ಪಾಗದಂತೆ, ಹೊಸದು ಏಳದಂತೆ ತಡೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೊಲಕ್ಕೆ ಹೋಗುವ ಮುಂಚೆ ಎರಡು ಬೆರಳಿನುದ್ದ ಹಚ್ಚಬೇಕು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು, ತಲೆಯ ಮೇಲಿನ ಸೆರಗು ತೆಗೆಯಬಾರದು. ತಂಗಿ ಮರೆತಾಳೆಂದು ಅಂದಿನಿಂದ ದಿನವೂ ಏಳಕ್ಕೆ ಅಣ್ಣನ ಫೋನು. ಅವನೋ ಮೂವತ್ತು ವರ್ಷ ರೈಲು ಹಳಿಯ ಮೇಲೆ ಗ್ಯಾಂಗಮನ್ ಆಗಿ ದುಡಿದು ಸುಟ್ಟ ಹಂಚಿನಂತಾಗಿದ್ದ. ನೀನೂ ಹಚ್ಚಿಕೋ ಎಂದರೆ, ತಾನು ಹಚ್ಚಿಕೊಂಡು ನಿಂತರೆ ಮೇಲ್ ಗಾಡಿಯೇನು ನಿಂತು ನೋಡುತ್ತದೆಯೇ ಎಂದು ನಗುತ್ತಿದ್ದ.

ಯಾದಗಿರಿ ಹತ್ತಿರದ ಮುದನಾಳದಲ್ಲಿ, ತವರುಮನೆಯ ಅಂಗಳದಲ್ಲಿ, ಬೇವಿನ ನೆರಳಿಗೆ, ಅಯ್ಯಣ್ಣನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ದುರಗಮ್ಮ ಒಳಗೆ ಬಂದಾಗ ಅಳುವ ದನಿಗಳು ಒಮ್ಮೆ ತಗ್ಗಿದವು. ಸೋದರತ್ತೆ ಸಾಯಬಮ್ಮನಿಗೆ ಎಂಬತ್ತು ದಾಟಿದೆ, ಕಣ್ಣು ಮಬ್ಬು. ಆಕೆ ದುರಗಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ನೋಡ್ರವ್ವ, ತಂಗಿ ಅಂದ್ರ ಹಿಂಗಿರಬೇಕು. ಅಣ್ಣ ಶಿವನ ಪಾದ ಸೇರ್ಯಾನ ಅಂತ ಮಾರಿ ತುಂಬ ಇಬತ್ತಿ ಧರಿಸಿ ಬಂದಾಳ."

ಹೀಗೆಂದು, ಕಣ್ಣೀರಿಗೆ ಹಸಿಯಾಗಿದ್ದ ಆ ಬಿಳುಪನ್ನು ಬೆರಳಿನಿಂದ ತೆಗೆದು ಭಕ್ತಿಯಿಂದ ತನ್ನ ಹಣೆಗೆ ಎಳೆದುಕೊಂಡಳು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರೂ ಕೈ ಚಾಚಿ ಹಚ್ಚಿಕೊಂಡರು. ದುರಗಮ್ಮ ತನ್ನ ಕೆನ್ನೆ ಮುಟ್ಟಿಕೊಂಡಳು. ಆಗ ಅವಳಿಗೆ ಎಲ್ಲ ತಿಳಿಯಿತು. ಸುಮ್ಮನಿದ್ದರೆ ಇಷ್ಟು ಜನರೊಳಗೆ ಮರ್ಯಾದೆ. ಹೇಳಿದರೆ, ಅಣ್ಣ ಸಾಯುವಾಗ ಇವಳು ಕನ್ನಡಿಯ ಮುಂದೆ ಕುಳಿತಿದ್ದಳು ಎಂದು ಊರು ಆಡಿಕೊಳ್ಳುತ್ತದೆ. ಆದರೆ ಶಿವನ ಭಸ್ಮ ಇರಬೇಕಾದ ಹಣೆಯ ಮೇಲೆ ಅಂಗಡಿಯ ಕ್ರೀಮು! ಅವಳು ಅಣ್ಣನ ಕಡೆ ನೋಡಿದಳು. ಹಣೆಯಲ್ಲಿ ಮೂರೆಳೆ ವಿಭೂತಿ. ತುಟಿ ಒಂದಿಷ್ಟು ಓರೆಯಾಗಿ, ನಗೆ ತಡೆದುಕೊಂಡಂತೆ ಇದ್ದ.

"ಅತ್ತಿ, ಇದು ಇಬತ್ತಿ ಅಲ್ಲ," ಎಂದಳು ತಲೆ ತಗ್ಗಿಸಿ. "ಬಿಸಲಿಗೆ ಹಚ್ಚೋ ಕ್ರೀಮು. ಬಂಗು ಹೆಚ್ಚಬಾರದಂತ ಅಣ್ಣ ಕೊಡಿಸಿದ್ದು."

ಒಬ್ಬಳು ಮೆಲ್ಲನೆ ಹಣೆ ಒರೆಸಿಕೊಂಡಳು. ಸಾಯಬಮ್ಮ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು.

"ಅದಕ್ಕ ಹೂವಿನ ವಾಸನಿ ಬರಾಕತ್ತಾದ. ನಾ ಇದು ಸೀದಾ ಕೈಲಾಸದಿಂದ ಬಂದ ಇಬತ್ತಿ ಇರಬೇಕು ಅಂದೆ." ಸ್ವಲ್ಪ ತಡೆದು ಕೇಳಿದಳು, "ಅವ ಕೊಡಿಸಿದ್ದೇನು? ಹಂಗಾದ್ರ ನಾ ವರಸಂಗಿಲ್ಲ ಬಿಡು. ಈ ವಯಸ್ಸಿಗಾದ್ರೂ ನನ್ನ ಬಂಗು ಹೋಗಲಿ."

ಯಾರೋ ಮೂಗಿನಲ್ಲಿ ನಕ್ಕು ಸೆರಗು ಮುಚ್ಚಿಕೊಂಡರು. ಬೆಳಗಿನಿಂದ ಕಲ್ಲಿನಂತೆ ಗಂಡನ ಪಕ್ಕ ಕುಳಿತಿದ್ದ ಮೌನಮ್ಮ ಆಗ ತಲೆಯೆತ್ತಿದಳು. "ಒಂದ್ ಕಡೆ ಸರಿಯಾಗಿ ಹತ್ತಿಲ್ಲ ದುರಗವ್ವ, ನೀಟ ತಿಕ್ಕೋ" ಎಂದಳು. "ಇಲ್ಲಂದ್ರ ನಾಳೆ ಏಳಕ್ಕ ನನಗ ಬೈತಾರ ಅವ್ರು." ಆಡಿದ ಮಾತು ತನ್ನ ಕಿವಿಗೇ ಬಿದ್ದಾಗ ಬಾಯಿಗೆ ಸೆರಗು ಒತ್ತಿಕೊಂಡಳು. ಆ ದಿನ ಅವಳು ಅತ್ತದ್ದು ಆಗಲೇ.

ಮಧ್ಯಾಹ್ನವಾಯಿತು. ಗಂಡಸರು ಮಣ್ಣು ಮಾಡುವ ಸಿದ್ಧತೆಯಲ್ಲಿದ್ದರು. ಬೇವಿನ ನೆರಳು ಸರಿದು ಅಯ್ಯಣ್ಣನ ಬಲಗೆನ್ನೆಯ ಮೇಲೆ ಬಿಸಿಲು ಬಿದ್ದಿತು. ದುರಗಮ್ಮ ಎದ್ದು ಆ ಕಡೆಗೆ ಹೋಗಿ ನಿಂತಳು. ಡಾಕ್ಟರು ತೆಗೆಯಬಾರದೆಂದಿದ್ದ ತಲೆಯ ಸೆರಗನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಅಣ್ಣನ ಮುಖಕ್ಕೆ ಅಡ್ಡ ಹಿಡಿದಳು. ಬಿಸಿಲೆಲ್ಲ ಅವಳ ಮೇಲೆಯೇ ಬಿತ್ತು.

"ಎಪ್ಪಾ ಮೌನೇಶ," ಎಂದು ಮನೆದೇವರನ್ನು ತುಟಿಯೊಳಗೇ ಬೇಡಿಕೊಂಡಳು. "ಮೂವತ್ತು ವರ್ಷ ಬಿಸಲಾಗ ನಿಂತವ ಇಂವ. ಇನ್ನ ನಿನ್ನ ನೆರಳಾಗ ಕೂಡಿಸ್ಕೋ."