ಎಳೇ ಜೋಳ

ಉಲ್ಲಾಳದ ರಸ್ತೆಯಲ್ಲಿ ಹಸಿ ಮೇವು ತುಂಬಿದ ಆಟೋ ಹಾದುಹೋದರೆ ಇವತ್ತಿಗೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಹಸುಗಳು ಹಾಲು ಹೆಚ್ಚು ಕೊಡಲೆಂದು ಅಮ್ಮ ನಮ್ಮ ಖಾಲಿ ಸೈಟಿನಲ್ಲಿ ಹೊಸ ತಳಿಯ ಮೇವಿನ ಜೋಳ ಬಿತ್ತಿದ್ದಳು. "ಹೂ ಬರೋವರ್ಗೂ ಕುಯ್ಬಾರ್ದು ಕಣೇ, ಎಳೇದು ತಿಂದ್ರೆ ಹಸು ಸಾಯುತ್ತೆ" ಎಂದು ನನಗೆ ಹೇಳಿಕೊಟ್ಟಿದ್ದಳು. ಪಕ್ಕದ ಮನೆಯ ಚಿಕ್ಕಪ್ಪನಿಗೂ ನಮಗೂ ಮಾತಿರಲಿಲ್ಲ. ಅವತ್ತು ಅವನು ಕುಡುಗೋಲು ಹಿಡಿದು ಬೇಲಿ ದಾಟಿ ಬಂದು, ಮೊಣಕಾಲುದ್ದದ ಪೈರನ್ನು ಕುಯ್ಯತೊಡಗಿದ. ನಾನು ಕೂಗಲು ಬಾಯಿ ತೆರೆದೆ. ಅಮ್ಮ ಬಳೆ ಒತ್ತುವಷ್ಟು ಬಿಗಿಯಾಗಿ ನನ್ನ ರಟ್ಟೆ ಹಿಡಿದಳು.

"ಸುಮ್ನಿರೇ. ತಗೊಂಡು ಹೋಗ್ಲಿ."

ಸಂಜೆಗೆ ಅವರ ಹಸು ಕೊಟ್ಟಿಗೆಯಲ್ಲಿ ಸತ್ತುಬಿದ್ದಿತ್ತು. ಚಿಕ್ಕಮ್ಮ ಎದೆ ಬಡಿದುಕೊಂಡು ಅಳುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

"ಅಮ್ಮಾ, ನಿಂಗೆ ಗೊತ್ತಿತ್ತಲ್ಲಾ?" ಎಂದೆ.

ಅಮ್ಮ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ತಲೆಯೆತ್ತಲಿಲ್ಲ.

"ಹೋಗಿ ಬಾಗ್ಲು ಹಾಕು" ಅಂದಳು.