ಆರುನೂರು ವರ್ಷ ಹಿರಿಯ ಉಸ್ತಾದರು

ಬೆಹನೂಷ್‌ಳ ಪ್ರಬಂಧದಲ್ಲಿ, ಕೂಡಿಕೊಂಡೇ ಇರಬೇಕಾದ ಫಾರ್ಸಿ ಅಕ್ಷರಗಳು ಬೆಳಿಗ್ಗೆಯಿಂದ ಒಂದರ ಕೈ ಒಂದು ಬಿಟ್ಟು ಜಗಳವಾಡಿದವರಂತೆ ದೂರ ದೂರ ನಿಂತಿದ್ದವು. ಫಾಂಟ್ ಸಿಗುತ್ತಿಲ್ಲ ಎಂದು ಟೆಕ್ ಒಂದೇ ಸಮನೆ ಗೊಣಗುತ್ತಿತ್ತು. ಗಣಿತದವರು ಪುಟ ಕಟ್ಟಲು ನೆಚ್ಚಿಕೊಂಡಿರುವ ಈ ಟೆಕ್ ಎಂಬ ತಂತ್ರಾಂಶ ಕೆಲಸದಲ್ಲಿ ಎಷ್ಟು ಅಚ್ಚುಕಟ್ಟೋ ಅಷ್ಟೇ ಹಟಮಾರಿ. ಪಕ್ಕದ ಮೇಜಿನ ಗೆಳೆಯ ಕಿಯಾರಶ್ ಬಂದು ಫಾಂಟಿನ ಹೆಸರಿನ ಮಧ್ಯೆ ಹೆಚ್ಚಾಗಿ ಬಿದ್ದಿದ್ದ ಒಂದು ಖಾಲಿ ಜಾಗವನ್ನು ಅಳಿಸಿದ. ಅಕ್ಷರಗಳು ರಾಜಿಯಾದವು. ಇನ್ನು ಸಂಜೆಯೊಳಗೆ ಮಾರ್ಗದರ್ಶಕ ಗುರು ಉಸ್ತಾದ್ ಫರ್‌ಜಾಮಿಯವರ ಸಹಿ ಬಿದ್ದರೆ ಅವಳ ಇಷ್ಟು ವರ್ಷದ ದುಡಿಮೆ ದಡ ಸೇರಿದಂತೆ.

"ಇಲ್ನೋಡು, ನಿಮ್ಮ ಉಸ್ತಾದ್ರು ಎಲ್ಲಿ ಹೋಗಿ ಕೂತಿದ್ದಾರೆ ಅಂತ," ಎಂದು ಕಿಯಾರಶ್ ಕೊನೆಯ ಪುಟ ತೋರಿಸಿ ನಗತೊಡಗಿದ. ಆಧಾರ ಗ್ರಂಥಗಳನ್ನು ವರ್ಷದ ಪ್ರಕಾರ ಜೋಡಿಸಲು ಅವಳೇ ಹೇಳಿದ್ದಳು. ಉಸ್ತಾದರ ಲೇಖನ ಬಂದದ್ದು ನಮ್ಮ ಇರಾನಿ ಲೆಕ್ಕದ 1366ರಲ್ಲಿ. ಟೆಕ್‌ಗೆ ನಮ್ಮ ವರ್ಷ, ಅವರ ವರ್ಷ ಎಂಬ ಭೇದವಿಲ್ಲ. ಉಸ್ತಾದರನ್ನು ಎಲ್ಲರ ನೆತ್ತಿಯ ಮೇಲೆ ಕೂರಿಸಿ, ಅವರ ಕೆಳಗೆ 1748ರ ಒಬ್ಬ ಫ್ರೆಂಚ್ ಪಂಡಿತನನ್ನು, ಅವನ ಕೆಳಗೆ 1988ರ ಬೆಲ್ಜಿಯಂನ ಡೆಕ್ಲರ್ಕ್‌ನನ್ನು ಇಟ್ಟಿತ್ತು.

"ತೈಮೂರನ ಕಾಲದವ್ರು ಕಣೇ. ವಯಸ್ಸು ಗೊತ್ತಾಗೋದೇ ಇಲ್ಲ."

"ಬಾಯ್ಮುಚ್ಕೊಂಡು ಸರಿ ಮಾಡೋ. ಹೀಗೇ ತಗೊಂಡು ಹೋದ್ರೆ ನನ್ನನ್ನ ಕಿಟಕಿಯಿಂದ ಆಚೆ ಹಾಕ್ತಾರೆ."

ಹಾಕಿಯೂ ಹಾಕಿಯಾರು. ಉಸ್ತಾದರಿಗೆ ಜೀವನದಲ್ಲಿ ಇದ್ದ ಕೊರಗು ಅದೊಂದೇ. ಅವರು ಕಂಡುಹಿಡಿದ ಪ್ರಮೇಯವನ್ನೇ ಡೆಕ್ಲರ್ಕ್ ಕೂಡ ಬೇರೆಯಾಗಿ ಕಂಡುಹಿಡಿದಿದ್ದ; ಲೋಕ ಅದಕ್ಕೆ ಡೆಕ್ಲರ್ಕ್‌ನ ಹೆಸರಿಟ್ಟು ಕೈ ತೊಳೆದುಕೊಂಡಿತ್ತು. 'ಅವನದು 1988. ನಮ್ಮ 1366 ಅಂದ್ರೆ 1987. ನಾನೇ ಮೊದಲು' ಎಂದು ಪ್ರತಿ ತರಗತಿಗೂ ಒಮ್ಮೆ ಹೇಳದೆ ಅವರ ವರ್ಷ ಮುಗಿಯುತ್ತಿರಲಿಲ್ಲ. ಇಂಥವರು ಬಾಗಿಲ ಬಳಿ ಮಾತ್ರ ಬೇರೆಯೇ ಮನುಷ್ಯ. ದಯಮಾಡಿಸಿ, ಮೊದಲು ನೀವು ಎಂದು ಎದೆಯ ಮೇಲೆ ಕೈಯಿಟ್ಟು ನಿಂತರೆ, ವಿದ್ಯಾರ್ಥಿಗಳು, ಅಧಿಕಾರಿಗಳು, ಚಹಾ ತರುವ ಆಗಾ, ಎಲ್ಲರೂ ಒಳಗೆ ಹೋಗುವವರೆಗೆ ತಾವು ಹೊಸ್ತಿಲು ದಾಟುತ್ತಿರಲಿಲ್ಲ. ಇಸ್ಫಹಾನಿನಲ್ಲಿ ಉಪಚಾರ ಮಾಡದವರು ಯಾರೂ ಇಲ್ಲ, ಆದರೆ ಅವರ ಉಪಚಾರದ ದೆಸೆಯಿಂದ ವಿಭಾಗದ ಸಭೆಗಳೇ ತಡವಾಗಿ ಶುರುವಾಗುತ್ತಿದ್ದವು.

ಕಿಯಾರಶ್ ಇರಾನಿ ವರ್ಷಗಳಿಗೆಲ್ಲ 621 ಕೂಡಿಸುವಂತೆ ಒಂದು ಸಾಲು ಬರೆದು ಓಡಿಸಿದ. ಟೆಕ್ ಒಂದೇ ಸಲಕ್ಕೆ ಮಾತು ಕೇಳುವ ಪೈಕಿಯಲ್ಲ, ಇನ್ನೊಮ್ಮೆ ಓಡಿಸಿದ. ಉಸ್ತಾದರು 1987ಕ್ಕೆ ಇಳಿದು, ಡೆಕ್ಲರ್ಕ್‌ನ ತಲೆಯ ಮೇಲೆ ಸರಿಯಾಗಿ ಬಂದು ಕುಳಿತರು. ಬೆಹನೂಷ್ ನಿಟ್ಟುಸಿರುಬಿಟ್ಟಳು. ತಿಂಗಳನ್ನೂ ನಮೂದಿಸಬೇಕೆಂಬ ನಿಯಮ ನೆನಪಾಗಿ, ಉಸ್ತಾದರ ಲೇಖನವಿದ್ದ ಹಳೆಯ ಸಂಚಿಕೆ ತೆರೆದಳು. ಎಸ್ಫಂದ್ ಎಂದಿತ್ತು. ಅದು ನಮ್ಮ ವರ್ಷದ ಕೊನೆಯ ತಿಂಗಳು. ಅಷ್ಟರಲ್ಲಿ ಹೊರಗಿನ ಲೋಕದಲ್ಲಿ ಹೊಸ ವರ್ಷ ಹುಟ್ಟಿ ಎರಡನೇ ತಿಂಗಳು ನಡೆದಿರುತ್ತದೆ. ಅಂದರೆ ಉಸ್ತಾದರದು 1988ರ ಫೆಬ್ರವರಿ. ಡೆಕ್ಲರ್ಕ್‌ನದು ಅದೇ ವರ್ಷದ ಜನವರಿ. ಅವಳು ತಿದ್ದಿದಳು. ಬೆಲ್ಜಿಯಂನವನು ಮೇಲೇರಿದ.

"ತಿಂಗಳು ತೆಗ್ದುಬಿಡು," ಎಂದ ಕಿಯಾರಶ್ ಮೆಲ್ಲಗೆ. "ಸಹಿ ಬೇಕೋ ಬೇಡ್ವೋ?"

"ತಪ್ಪು ಲೆಕ್ಕ ಬರೆದ್ರೆ ಕಾಗದ ಹರಿದು ಮುಖಕ್ಕೆ ಎಸೀತಿದ್ದೋರು ಅವರೇ ಅಲ್ವೇನೋ," ಎಂದಳು. ಹೇಳಿದಳೇ ಹೊರತು ಅಚ್ಚಿಗೆ ಕೊಡಲು ಎರಡು ಸಲ ಹಿಂಜರಿದಳು. ಸಹಿಗಿಂತ ಹೆಚ್ಚಾಗಿ ಆ ಮುದುಕರ ಮುಖ ನೆನೆದು.

ಪ್ರಬಂಧ ಕೈಗೆ ಬಂದದ್ದೇ ಉಸ್ತಾದರು ಮೊದಲು ತೆಗೆದದ್ದು ಕೊನೆಯ ಪುಟ. ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಹಿಡಿದವರು ಚಹಾ ಹೀರುವುದನ್ನೇ ಮರೆತರು.

"ಇದು ಯಂತ್ರದ ಕೆಲಸಾನೋ, ನಿಂದೋ?"

"ನಂದೇ, ಉಸ್ತಾದ್. ಯಂತ್ರ ನಿಮ್ಮನ್ನ ಡೆಕ್ಲರ್ಕ್‌ಗಿಂತ ಆರುನೂರು ವರ್ಷ ಹಿರಿಯರನ್ನಾಗಿ ಮಾಡಿತ್ತು."

"ನೋಡು, ಯಂತ್ರಕ್ಕಿರೋ ಮರ್ಯಾದೆ ನಿಂಗಿಲ್ಲ," ಎಂದು ನಕ್ಕರು. ನಗು ಬೇಗನೆ ಮುಗಿಯಿತು. "ಎಸ್ಫಂದಲ್ಲಿ ಬಂದದ್ದು ಅಂತ ನಂಗೆ ಗೊತ್ತಿತ್ತು ಮಗಳೇ. ಅಂಚೆಯವನು ಸಂಚಿಕೆ ತಂದಾಗ ಮನೇಲಿ ಹೊಸ ವರ್ಷದ ನೌರೋಜ್‌ಗೆ ಅಂತ ರತ್ನಗಂಬಳಿ ತೊಳೀತಿದ್ವಿ. ಅವರ ಕ್ಯಾಲೆಂಡರ್ ಪಕ್ಕಕ್ಕಿಟ್ಟು ನೋಡೋಕೆ ಮಾತ್ರ ಯಾವತ್ತೂ ಧೈರ್ಯ ಬರಲಿಲ್ಲ." ಪೆನ್ನು ತೆಗೆದು ಸಹಿ ಹಾಕಿದರು. "ಇರ್ಲಿ ಬಿಡು. ಡೆಕ್ಲರ್ಕ್ ನಮ್ಮ ಪಟ್ಟಿಗೆ ಅತಿಥಿ. ಅತಿಥಿ ಮೊದ್ಲು ಹೋಗ್ಲಿ."

ಹೊರಗೆ ಕಾದಿದ್ದ ಕಿಯಾರಶ್ ಕೂಡಿಕೊಂಡ; ಮೊಹರು ಹಾಕಿಸಲು ಮೂವರೂ ಕಚೇರಿಗೆ ನಡೆದರು. ಬಾಗಿಲ ಬಳಿ ಚಹಾದ ಆಗಾ ಎದುರಾದ. ಬೆಹನೂಷ್ ವಾಡಿಕೆಯಂತೆ ಪಕ್ಕಕ್ಕೆ ಸರಿದು, "ಉಸ್ತಾದ್, ಮೊದಲು ನೀವು," ಎಂದಳು. ಇನ್ನು ಅರ್ಧ ಗಂಟೆ ಇಲ್ಲೇ ಎಂದು ಕಿಯಾರಶ್ ಗೋಡೆಗೊರಗಿದ.

ಉಸ್ತಾದರು ಯಾರ ಮುಖವನ್ನೂ ನೋಡದೆ ನೇರವಾಗಿ ಒಳಗೆ ಹೋದರು. ಎಂದಿನಂತೆ ತನ್ನನ್ನೇ ಮುಂದೆ ಕಳಿಸುತ್ತಾರೆಂದು ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದ ಆಗಾ, ಚಹಾದ ತಟ್ಟೆ ಹಿಡಿದುಕೊಂಡು ಹಾಗೇ ನಿಂತಿದ್ದ.